ಒಂಬತ್ತು ದಿನದಲ್ಲಿ ಹೋಗಿಬಿಟ್ಟಳು, ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ

ಬೂದುಬಾಲ:
ಹೋದ ಗುರುವಾರ ರಾತ್ರಿ ನಮ್ಮ ಬೆಕ್ಕು ಚುಕ್ಕಿ ಹೋಗಿಬಿಟ್ಟಳು. ಮೂರೂವರೆ ವರ್ಷ. ಮನೆಯೊಳಗೇ ಬೆಳೆದವಳು, ಹೊಸಿಲು ದಾಟಿದವಳಲ್ಲ. ಲಸಿಕೆ ಎಲ್ಲ ಹಾಕಿಸಿತ್ತು, ಮರಿ ಆಗದಂತೆ ಆಪರೇಷನ್ ಆಗಿತ್ತು.

ಶುರುವಾಗಿದ್ದು ತುಂಬಾ ಸಣ್ಣದಾಗಿ. ಡಬ್ಬಿ ಸದ್ದಾದರೆ ಎಲ್ಲಿದ್ದರೂ ಓಡಿ ಬರುವವಳು ಆವತ್ತು ಬರಲಿಲ್ಲ. ಹುಡುಕಿದರೆ ನೀರಿನ ಬಟ್ಟಲಿನ ಮುಂದೆ ಮುದುಡಿ ಕೂತಿದ್ದಳು. ಗದ್ದ ಬಟ್ಟಲಿನ ಅಂಚಿಗೆ ತಾಗುತ್ತಿತ್ತು. ನೀರನ್ನೇ ನೋಡುತ್ತಿದ್ದಳು, ಕುಡಿಯುತ್ತಿರಲಿಲ್ಲ. ಸಂಜೆ ಡಾಕ್ಟರ್ ಹತ್ತಿರ ಹೋದಾಗ ಜ್ವರ 40.3 ಡಿಗ್ರಿ ಸೆಲ್ಸಿಯಸ್. ಆಂಟಿಬಯಾಟಿಕ್ ಕೊಟ್ಟರು. ಇಳಿಯಲಿಲ್ಲ. ನಾಲ್ಕನೇ ದಿನ ಕಿವಿಯ ಒಳಭಾಗ ಹಳದಿ ಕಂಡಿತು. ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಯಿತು. ಲಿವರ್ ಸ್ವಲ್ಪ ಊದಿದೆ ಅಂದರು. ಹೊಟ್ಟೆಯಲ್ಲಿ ನೀರಿಲ್ಲ, ಗಡ್ಡೆ ಇಲ್ಲ. ಬೆಕ್ಕಿನ ಲ್ಯುಕೇಮಿಯಾ ವೈರಸ್ ಟೆಸ್ಟ್, ಏಡ್ಸ್ ಟೆಸ್ಟ್ ಎರಡೂ ನೆಗೆಟಿವ್. ಡ್ರಿಪ್ ಹಾಕಿಸುತ್ತಾ, ಸಿರಿಂಜಿನಲ್ಲಿ ತಿನ್ನಿಸುತ್ತಾ ದಿನ ತಳ್ಳಿದೆವು. ಒಂಬತ್ತನೇ ರಾತ್ರಿ ಉಸಿರು ಬದಲಾಯಿತು. ಬುಟ್ಟಿಗೆ ಹಾಕಿ ಹೊರಡುವಷ್ಟರಲ್ಲಿ ನನ್ನ ತೊಡೆಯ ಮೇಲೇ ಹೋದಳು.

ಏನಾಗಿತ್ತು ಅಂತ ಕೇಳಿದರೆ ಡಾಕ್ಟರ್ "ಖಚಿತವಾಗಿ ಹೇಳೋಕಾಗಲ್ಲ" ಅಂದರು. ಅವರ ಮೇಲೆ ಕೋಪ ಇಲ್ಲ. ಆದರೆ ನನಗೆ ನಿದ್ದೆ ಬರುತ್ತಿಲ್ಲ. ಕಾಯಿಲೆಗೆ ಒಂದು ಹೆಸರಿದ್ದಿದ್ದರೆ ಅದನ್ನಾದರೂ ಬೈಯಬಹುದಿತ್ತು. ಈಗ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ. ಒಂದು ವಾರ ಮುಂಚೆ ಅವಳು ಬೀರುವಿನ ಮೇಲೆ ಹತ್ತದೆ ನೆಲದ ಮೇಲೇ ಮಲಗಿದ್ದಳು. ನಾನು ನೋಡಿದ್ದೆ. ಸೆಕೆಗೆ ಇರಬೇಕು ಅಂದುಕೊಂಡು ಸುಮ್ಮನಾದೆ.

ಕಾರಣ ಗೊತ್ತಿಲ್ಲದೆ ಬೆಕ್ಕನ್ನು ಕಳೆದುಕೊಂಡವರು ಯಾರಾದರೂ ಇದ್ದೀರಾ? ಹೇಗೆ ತಡೆದುಕೊಂಡಿರಿ?

ಕಿಟಕಿಕಟ್ಟೆ:
ಓದಿ ಕಣ್ಣು ತುಂಬಿತು. ಆ ನೀರಿನ ಬಟ್ಟಲಿನ ಮುಂದೆ ಕೂರುವುದು ನಾನೂ ನೋಡಿದ್ದೇನೆ. ಮರೆಯೋಕಾಗಲ್ಲ.

ಹಳೇಪೆಟ್ಟಿಗೆ:
ಪೋಸ್ಟ್‌ಮಾರ್ಟಂ ಮಾಡಿಸಿದಿರಾ? ಕಾರಣ ಬೇಕಿದ್ದರೆ ಇದ್ದಿದ್ದು ಅದೊಂದೇ ದಾರಿ.

ಬೂದುಬಾಲ:
ಇಲ್ಲ. ಡಾಕ್ಟರ್ ಕೇಳಿದರು. ಆಗ "ಅವಳನ್ನ ಇನ್ನೂ ಕುಯ್ಯಬೇಡಿ" ಅಂದುಬಿಟ್ಟೆ. ಬೆಳಿಗ್ಗೆ ಮಣ್ಣು ಮಾಡಿದೆವು. ಈಗ ಅದೂ ಒಂದು ಕೊರಗು.

ಮಳೆಮೋಡ:
@ಹಳೇಪೆಟ್ಟಿಗೆ ಈಗ ಅದನ್ನು ಕೇಳಿ ಏನು ಪ್ರಯೋಜನ? ಮಣ್ಣು ಮಾಡಿ ಆಗಿದೆ. ಅವರು ಹೇಗೆ ತಡೆದುಕೊಳ್ಳುವುದು ಅಂತ ಕೇಳಿದರೆ ನೀವು ಇನ್ನೊಂದು ತಪ್ಪು ಹುಡುಕಿ ಕೈಗೆ ಕೊಟ್ಟಿರಿ.

ಹಳೇಪೆಟ್ಟಿಗೆ:
ತಪ್ಪು ಹುಡುಕೋಕೆ ಕೇಳಿದ್ದಲ್ಲ. ನನ್ನ ಕಥೆ ಹೇಳುತ್ತೇನೆ, ಆಮೇಲೆ ಬೈಯಿರಿ.

ನಮ್ಮ ಮರಿಯೊಂದು ಎರಡೇ ದಿನದಲ್ಲಿ ವಾಂತಿ ಭೇದಿ ಆಗಿ ಸತ್ತಿತು. ಏನೋ ತಿಂದಿರಬೇಕು ಅಂದುಕೊಂಡೆವು. ನಾನೂ "ಕುಯ್ಯಬೇಡಿ" ಅಂದವನೇ. ಎರಡು ತಿಂಗಳ ನಂತರ ಇನ್ನೊಂದು ಮರಿ ತಂದೆ. ಅದೇ ಬಟ್ಟಲು, ಅದೇ ಹಾಸಿಗೆ. ಹನ್ನೊಂದು ದಿನಕ್ಕೆ ಅದೂ ಹೋಯಿತು. ಆಗ ಪರೀಕ್ಷೆ ಮಾಡಿಸಿದರೆ ಪ್ಯಾನ್‌ಲ್ಯುಕೋಪೀನಿಯಾ. ಬೆಕ್ಕುಗಳಿಗೆ ಪಾರ್ವೋ ವೈರಸ್‌ನಿಂದ ಬರುವ ಕಾಯಿಲೆ. ಆ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಬದುಕಿರಬಲ್ಲದು, ಸಾಮಾನ್ಯ ಸೋಪಿಗೆ ಸಾಯುವುದಿಲ್ಲ. ಬ್ಲೀಚ್ ಬೇಕು, 32 ಪಾಲು ನೀರಿಗೆ 1 ಪಾಲು, ಹತ್ತು ನಿಮಿಷ ಹಾಗೇ ಬಿಡಬೇಕು. ಮೊದಲನೆಯದಕ್ಕೆ ಕಾರಣ ಗೊತ್ತಿದ್ದರೆ ಎರಡನೆಯದನ್ನು ಲಸಿಕೆ ಪೂರ್ತಿ ಆಗದೆ ಮನೆಗೆ ತರುತ್ತಲೇ ಇರಲಿಲ್ಲ.

ಇವರ ಮನೆಯಲ್ಲಿ ಇನ್ನೊಂದು ಬೆಕ್ಕಿದೆಯಾ ಅಂತ ತಿಳಿಯಬೇಕಿತ್ತು, ಅದಕ್ಕೇ ಕೇಳಿದೆ.

ಮಳೆಮೋಡ:
ಸರಿ, ನಾನು ದುಡುಕಿದೆ. ಕ್ಷಮಿಸಿ.

ಬೂದುಬಾಲ:
ಇನ್ನೊಂದಿದೆ. ಕರಿಯ, ಆರು ವರ್ಷ. ಅವನ ಬಗ್ಗೆ ಆಮೇಲೆ ಬರೆಯುತ್ತೇನೆ. ಅವನೂ ಸರಿ ಇಲ್ಲ.

ಸೂಜಿಮದ್ದು:
ನಾನು ಪಶುವೈದ್ಯ. ಹದಿನಾಲ್ಕು ವರ್ಷದಿಂದ ಜಾಸ್ತಿ ನೋಡಿದ್ದು ಬೆಕ್ಕುಗಳನ್ನೇ. ಚುಕ್ಕಿಯನ್ನು ನಾನು ಮುಟ್ಟಿ ನೋಡಿಲ್ಲ, ಹಾಗಾಗಿ ಇದೇ ಕಾಯಿಲೆ ಅಂತ ಹೇಳುವುದಿಲ್ಲ. ಆದರೆ ಕೆಲವು ಮಾತು ಹೇಳಲೇಬೇಕು.

ಮೊದಲು ಆ ಬೀರುವಿನ ವಿಷಯ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಅದು ಬೇಟೆಯಾಡುತ್ತದೆ ನಿಜ, ಆದರೆ ಇನ್ನೊಂದಕ್ಕೆ ಬೇಟೆಯೂ ಆಗುತ್ತದೆ. ಸೊರಗಿದ್ದು ಹೊರಗೆ ಕಂಡರೆ ಕಾಡಿನಲ್ಲಿ ಅದರ ಕಥೆ ಮುಗಿಯಿತು. ಆ ಸ್ವಭಾವ ನಿಮ್ಮ ಮನೆಗೆ ಬಂದರೂ ಹೋಗಿಲ್ಲ. ನೋವಿನಲ್ಲಿದ್ದಾಗಲೂ ಗುರ್ ಗುರ್ ಅನ್ನುವ ಬೆಕ್ಕುಗಳನ್ನು ನಾನು ದಿನಾ ನೋಡುತ್ತೇನೆ. ಕಿಡ್ನಿ ವಿಷಯ ತಗೊಳ್ಳಿ. ಕ್ರಿಯೇಟಿನಿನ್ ಅನ್ನುವ ಅಂಶ ರಕ್ತದಲ್ಲಿ ಏರುವ ಹೊತ್ತಿಗೆ ಕಿಡ್ನಿಯ ಕೆಲಸದಲ್ಲಿ ಸುಮಾರು ಮುಕ್ಕಾಲು ಭಾಗ ಹೋಗಿರುತ್ತದೆ. ಅಷ್ಟು ಹೋದರೂ ಬೆಕ್ಕು ಕಿಟಕಿಯಲ್ಲಿ ಕೂತು ಹಕ್ಕಿ ನೋಡುತ್ತಿರುತ್ತದೆ. ಒಂದು ದಿನ ನೆಲದ ಮೇಲೆ ಮಲಗಿದ್ದು ನೋಡಿ ಬೆಕ್ಕನ್ನು ಎತ್ತಿಕೊಂಡು ಬಂದವರು ನನ್ನ ಹತ್ತಿರ ಯಾರೂ ಇಲ್ಲ. ಬಂದರೂ ಆವತ್ತು ನನಗೆ ಏನೂ ಸಿಗುತ್ತಿರಲಿಲ್ಲವೇನೋ.

ಎರಡನೆಯದು, ಹೆಸರು. ಬೆಕ್ಕಿನ ಸಹಜ ಉಷ್ಣಾಂಶ ಸುಮಾರು 38ರಿಂದ 39.2. ಆಂಟಿಬಯಾಟಿಕ್‌ಗೆ ಜಗ್ಗದ ಜ್ವರ, ಕಾಮಾಲೆ, ಊದಿದ ಲಿವರ್ ಮೂರೂ ಸೇರಿದರೆ ನನ್ನ ತಲೆಗೆ ನಾಲ್ಕೈದು ಹೆಸರು ಬರುತ್ತವೆ. ಹೊಟ್ಟೆಯಲ್ಲಿ ನೀರು ತುಂಬದ ರೀತಿಯ ಎಫ್‌ಐಪಿ, ಅಂದರೆ ಬೆಕ್ಕುಗಳಿಗೆ ಕೊರೊನಾ ವೈರಸ್‌ನಿಂದ ಬರುವ ಒಂದು ಮಾರಕ ಕಾಯಿಲೆ. ಲಿವರ್, ಕರುಳು, ಮೇದೋಜೀರಕ ಗ್ರಂಥಿ ಮೂರಕ್ಕೂ ಒಟ್ಟಿಗೆ ಉರಿಯೂತ. ಗಡ್ಡೆ ಕಾಣಿಸದೆ ಹರಡುವ ಲಿಂಫೋಮಾ ಅನ್ನುವ ಕ್ಯಾನ್ಸರ್. ರಕ್ತಕಣ ಒಡೆಯುವ ಸೋಂಕು. ಇವನ್ನು ಬೇರೆ ಬೇರೆ ಮಾಡಿ ಹೇಳಬೇಕಾದರೆ ಅಂಗಾಂಶದ ಚೂರು ತೆಗೆದು ನೋಡಬೇಕು. ಜ್ವರದಲ್ಲಿ ಕುಸಿದಿರುವ, ರಕ್ತ ಸರಿಯಾಗಿ ಹೆಪ್ಪುಗಟ್ಟದಿರಬಹುದಾದ ಬೆಕ್ಕಿಗೆ ಮಂಪರು ಕೊಟ್ಟು ಚೂರು ತೆಗೆಯೋಕೆ ಹೋದರೆ ಅದರಲ್ಲೇ ಹೋಗಬಹುದು. ನಿಮ್ಮ ಡಾಕ್ಟರ್ ಗೊತ್ತಿಲ್ಲ ಅಂದಿದ್ದು ಪ್ರಾಮಾಣಿಕ ಮಾತು.

ಪೋಸ್ಟ್‌ಮಾರ್ಟಂ ಬಗ್ಗೆ, ಮುಂದೆ ಓದುವವರಿಗಾಗಿ. ಆದಷ್ಟು ಬೇಗ, 24 ಗಂಟೆಯೊಳಗೆ ಆದರೆ ಒಳ್ಳೆಯದು. ದೇಹವನ್ನು ತಣ್ಣಗಿಡಬೇಕು, ಆದರೆ ಫ್ರೀಜರಿಗೆ ಹಾಕಬಾರದು. ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಸೂಕ್ಷ್ಮದರ್ಶಕದಲ್ಲಿ ನೋಡೋಕೆ ಏನೂ ಉಳಿಯುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕೆಲವು ಸಲ ವರದಿಯಲ್ಲಿ "ಕಾರಣ ಖಚಿತವಿಲ್ಲ" ಅಂತಲೇ ಬರುತ್ತದೆ. ನನ್ನ ಕೈಯಲ್ಲೂ ಹಾಗೆ ಹೋದ ಬೆಕ್ಕುಗಳಿವೆ. ಇವತ್ತಿಗೂ ನೆನಪಾಗುತ್ತವೆ.

ಬೂದುಬಾಲ:
ಡಾಕ್ಟರೇ, ಎರಡು ಸಲ ಓದಿದೆ. ಇನ್ನೊಂದು ಕೇಳಲಾ? ಅಮ್ಮನ ಮಾತ್ರೆ ಒಮ್ಮೆ ಕೆಳಗೆ ಬಿದ್ದಿತ್ತು, ಪ್ಯಾರಾಸಿಟಮಾಲ್. ಸಿಕ್ಕಿತು, ಎತ್ತಿಟ್ಟೆವು. ಆದರೆ ಒಂದೇ ಬಿದ್ದಿತ್ತಾ, ಎರಡಾ? ರಾತ್ರಿಯೆಲ್ಲ ಅದೇ ಯೋಚನೆ. ಅಮ್ಮನಿಗೆ ಇದನ್ನು ಹೇಳಿಲ್ಲ.

ಸೂಜಿಮದ್ದು:
ಹೇಳಬೇಡಿ, ಹೇಳುವಂಥದ್ದೇನೂ ಇಲ್ಲ. ಪ್ಯಾರಾಸಿಟಮಾಲ್ ಬೆಕ್ಕಿಗೆ ಘೋರ ವಿಷ, ಒಂದು ಮಾತ್ರೆ ಸಾಕು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರ ಚಿಹ್ನೆ ಕೆಲವೇ ಗಂಟೆಗಳಲ್ಲಿ ಬರುತ್ತದೆ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರಾಡೋಕೆ ಒದ್ದಾಡುತ್ತದೆ. ನೀವು ಬರೆದಿದ್ದು ಹಾಗಿಲ್ಲ. ಆ ಮಾತ್ರೆಯನ್ನು ತಲೆಯಿಂದ ತೆಗೆದುಹಾಕಿ.

ಬೂದುಬಾಲ:
ಇದೊಂದು ಮಾತಿಗೆ ನಿಮಗೆ ಎಷ್ಟು ಋಣಿಯಾಗಿದ್ದೇನೆ ಅಂತ ಹೇಳೋಕಾಗಲ್ಲ.

ಕಿಟಕಿಕಟ್ಟೆ:
ವಿಷದ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಲಿಲ್ಲಿ ಹೂವು ಮನೆಯಲ್ಲಿ ಇಡಲೇಬೇಡಿ. ಎಲೆ, ಪರಾಗ, ಹೂದಾನಿಯ ನೀರು, ಎಲ್ಲವೂ ಬೆಕ್ಕಿನ ಕಿಡ್ನಿಗೆ ವಿಷ. ಮೈಮೇಲೆ ಬಿದ್ದ ಪರಾಗ ನೆಕ್ಕಿಕೊಂಡರೂ ಸಾಕು, ಒಂದರಿಂದ ಮೂರು ದಿನದಲ್ಲಿ ಕಿಡ್ನಿ ಕೈಕೊಡುತ್ತದೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯೂ ಹಾಗೇ, ಬೆಕ್ಕಿಗೆ ಹಾಕಬಾರದು.

ತುಂಟಮೀಸೆ:
ನನಗೆ ಅನ್ನಿಸುವುದು ಇದು ಪಕ್ಕಾ ಎಫ್‌ಐಪಿ. ನಮ್ಮವನಿಗೂ ಹೀಗೇ ಜ್ವರ. ಎಫ್‌ಐಪಿಗೆ ಕೊಡುವ ಜಿಎಸ್ ಔಷಧಿ 84 ದಿನ ಕೊಟ್ಟೆವು, ಈಗ ಗುಂಡುಕಲ್ಲಿನ ಹಾಗೆ ಇದ್ದಾನೆ. ಸಮಯಕ್ಕೆ ಶುರು ಮಾಡಿದ್ದರೆ ಚುಕ್ಕಿಯೂ ಉಳಿಯುತ್ತಿದ್ದಳು ಅನ್ನಿಸುತ್ತದೆ.

ಮಳೆಮೋಡ:
ದಯವಿಟ್ಟು ಇಂಥ ಮಾತು ಬರೆಯಬೇಡಿ. "ಹೀಗೆ ಮಾಡಿದ್ದರೆ" ಅನ್ನುವುದೇ ಅವರನ್ನು ತಿನ್ನುತ್ತಿರುವುದು.

ಸೂಜಿಮದ್ದು:
@ತುಂಟಮೀಸೆ ನಿಮ್ಮವನು ಉಳಿದಿದ್ದು ತುಂಬಾ ಸಂತೋಷ. ಆದರೆ "ಪಕ್ಕಾ" ಅನ್ನಬೇಡಿ. ಎಫ್‌ಐಪಿ ಜಾಸ್ತಿ ಬರುವುದು ಎರಡು ವರ್ಷದೊಳಗಿನ ಬೆಕ್ಕುಗಳಿಗೆ. ಬಹಳಷ್ಟು ಬೆಕ್ಕುಗಳ ಕರುಳಿನಲ್ಲಿ ಒಂದು ಕೊರೊನಾ ವೈರಸ್ ಇರುತ್ತದೆ, ಹೆಚ್ಚೆಂದರೆ ಸ್ವಲ್ಪ ಭೇದಿ ಮಾಡಿಸುತ್ತದೆ. ಕೆಲವೇ ಕೆಲವು ಬೆಕ್ಕುಗಳಲ್ಲಿ ಅದು ಒಳಗೇ ರೂಪ ಬದಲಿಸಿ ಎಫ್‌ಐಪಿ ಆಗುತ್ತದೆ. ಯಾವುದರಲ್ಲಿ ಬದಲಾಗುತ್ತದೆ ಅಂತ ಮುಂಚೆ ಹೇಳೋಕೆ ಬರುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದರೆ ಅದನ್ನು ತೆಗೆದು ಪರೀಕ್ಷೆ ಮಾಡಬಹುದು. ನೀರಿಲ್ಲದಿದ್ದರೆ ಪತ್ತೆ ಹಚ್ಚುವುದು ಬಹಳ ಕಷ್ಟ.

ಔಷಧಿಯ ಕಥೆಯೂ ಇತ್ತೀಚಿನದು. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ನೀಲ್ಸ್ ಪೆಡರ್ಸನ್ ತಂಡ ಅದೇ ಜಿಎಸ್ ಔಷಧಿ (ಜಿಎಸ್-441524) ಕೊಟ್ಟ 31 ಬೆಕ್ಕುಗಳ ವರದಿ ಪ್ರಕಟಿಸಿತು. 26 ಬೆಕ್ಕುಗಳು 12 ವಾರದ ಚಿಕಿತ್ಸೆ ಪೂರ್ತಿ ಮುಗಿಸಿದವು, ಮಿಕ್ಕ ಐದು ಅದಕ್ಕೆ ಮುಂಚೆಯೇ ಹೋದವು. ಅದಕ್ಕೆ ಮುಂಚೆ ಎಫ್‌ಐಪಿ ಅಂದರೆ ನಾವು ಮಾಲೀಕರ ಮುಖ ನೋಡೋಕೆ ಹೆದರುತ್ತಿದ್ದೆವು. ಈಗಲೂ ಆ ಐದು ಬೆಕ್ಕುಗಳ ಹಾಗೆ ಕೆಲವು ಔಷಧಿ ಸಿಕ್ಕರೂ ಉಳಿಯುವುದಿಲ್ಲ.

ತುಂಟಮೀಸೆ:
ಒಪ್ಪಿದೆ. ಬೂದುಬಾಲ ಅವರೇ, ತಪ್ಪು ತಿಳಿಯಬೇಡಿ. ನಮ್ಮವನು ಉಳಿದ ಖುಷಿಯಲ್ಲಿ ಎಲ್ಲರದ್ದೂ ಉಳಿಯುತ್ತಿತ್ತು ಅನ್ನಿಸಿಬಿಡುತ್ತದೆ.

ನಾಲ್ಕುಪಾದ:
ನನ್ನ ಅನುಭವ ಇದಕ್ಕೆ ಪೂರ್ತಿ ಉಲ್ಟಾ. ನಮ್ಮದು ಒಂಬತ್ತು ದಿನ ಇರಲಿ, ಒಂಬತ್ತು ನಿಮಿಷವೂ ಕೊಡಲಿಲ್ಲ. ಐದು ವರ್ಷದ ಗಂಡು. ಮೇಜಿನಿಂದ ಹಾರಿದ, ನೆಲಕ್ಕೆ ಬಿದ್ದ, ಒಮ್ಮೆ ಜೋರಾಗಿ ಕೂಗಿದ. ಅಷ್ಟೇ. ಪರೀಕ್ಷೆ ಮಾಡಿದ ಮೇಲೆ ಹೃದಯದ ಗೋಡೆ ದಪ್ಪ ಆಗಿತ್ತು ಅಂತ ಗೊತ್ತಾಯಿತು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ನೂರರಲ್ಲಿ ಸುಮಾರು 15 ಬೆಕ್ಕುಗಳಿಗೆ ಇರುತ್ತದಂತೆ, ಹೆಚ್ಚಿನವು ಏನೂ ತೋರಿಸದೆ ಬದುಕುತ್ತವೆ. ಎರಡು ತಿಂಗಳ ಮುಂಚೆಯಷ್ಟೇ ತಪಾಸಣೆ ಮಾಡಿಸಿದ್ದೆ. ಸ್ಟೆತಾಸ್ಕೋಪಿನಲ್ಲಿ ಏನೂ ಕೇಳಿಸಿರಲಿಲ್ಲ.

ನಾನು ಹೇಳಬೇಕಾಗಿದ್ದು ಇದು. ನನಗೆ ಹೆಸರು ಸಿಕ್ಕಿತು. ಕಾಗದದಲ್ಲಿ ಅಚ್ಚಾಗಿ ಬಂತು. ಆದರೂ ನಾಲ್ಕು ತಿಂಗಳು ನಾನು ಇದೇ ಪ್ರಶ್ನೆ ಕೇಳಿಕೊಂಡೆ, "ನಾನು ಯಾಕೆ ನೋಡಲಿಲ್ಲ?" ಹೆಸರು ಸಿಕ್ಕಿದರೆ ಆ ಪ್ರಶ್ನೆ ನಿಲ್ಲುತ್ತದೆ ಅಂತ ನೀವು ನಂಬಿದ್ದೀರಿ. ನನಗಂತೂ ನಿಲ್ಲಲಿಲ್ಲ. ಸ್ವಲ್ಪ ಬೇರೆ ರೀತಿ ಕೇಳಿಕೊಂಡೆ, ಅಷ್ಟೇ.

ಬೂದುಬಾಲ:
ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಗೋಡೆಗಡಿಯಾರ:
ಎಲ್ಲರ ದುಃಖ ಅರ್ಥವಾಗುತ್ತದೆ. ಆದರೆ ಒಂದು ಮಾತು. "ಚುಕ್ಕಿ ಹೋಗಿಬಿಟ್ಟಳು", "ತೊಡೆಯ ಮೇಲೇ ಹೋದಳು" ಅಂತೆಲ್ಲ ಮನುಷ್ಯರಿಗೆ ಹೇಳುವ ಹಾಗೆ ಬರೆಯುವುದು ಸರಿಯಾ? ಬೆಕ್ಕಿಗೆ ಕನ್ನಡದಲ್ಲಿ "ಅದು ಸತ್ತಿತು" ಅಂತ ಅಲ್ವಾ? ನಾವೇ ಮಾತಿನಿಂದ ದುಃಖವನ್ನು ಜಾಸ್ತಿ ಮಾಡಿಕೊಳ್ಳುತ್ತೇವೆ ಅಂತ ನನ್ನ ಅಭಿಪ್ರಾಯ.

ಮಳೆಮೋಡ:
ವ್ಯಾಕರಣ ಪಾಠಕ್ಕೆ ಇದಾ ಜಾಗ?

ಹಳೇಪೆಟ್ಟಿಗೆ:
ಇರಲಿ ಬಿಡಿ, ಅದು ಕೇಳಬೇಕಾದ ಪ್ರಶ್ನೆಯೇ. ನೋಡಿ, ಮೇಲೆ ನಾನು "ಸತ್ತಿತು" ಅಂತಲೇ ಬರೆದಿದ್ದೇನೆ. ಕೆಲವೇ ದಿನ ಇದ್ದ ಮರಿಗಳು, ಸರಿಯಾಗಿ ಹೆಸರೂ ಇಟ್ಟಿರಲಿಲ್ಲ. ನಾಲ್ಕುಪಾದ ಅವರು "ಕೂಗಿದ" ಅಂದರು. ಜೊತೆಗೆ ಬಾಳಿದವರು ಹಾಗೇ ಅನ್ನುತ್ತಾರೆ. ಹಟ್ಟಿಯ ದನಕ್ಕೂ "ಗೌರಿ ಬಂದಳು" ಅನ್ನುವ ಭಾಷೆ ನಮ್ಮದು. ಕರೆದರೆ ತಿರುಗಿ ನೋಡುವವಳನ್ನು "ಅದು" ಅನ್ನೋಕೆ ನಾಲಿಗೆ ಏಳುವುದಿಲ್ಲ.

ಎಲೆಅಡಿಕೆ:
ಬೆಕ್ಕಿಗೆ ಅಳುವುದು ಈಗಿನ ಕಾಲದ ಶೋಕಿ ಅಂದುಕೊಂಡವರಿಗೆ ಒಂದೆರಡು ವಿಷಯ. ಬೆಕ್ಕು ಸತ್ತರೆ ಈಜಿಪ್ಟಿನಲ್ಲಿ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು ಅಂತ ಹೆರೊಡೊಟಸ್ ಬರೆದಿದ್ದಾನೆ, ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿ ಸಿಕ್ಕಿದೆ. ಮನುಷ್ಯನೊಬ್ಬನ ಪಕ್ಕದಲ್ಲೇ, ಮೊಳದಷ್ಟು ದೂರದಲ್ಲಿ, ಒಂದು ಬೆಕ್ಕನ್ನೂ ಮಣ್ಣು ಮಾಡಿದ್ದಾರೆ. 2004ರಲ್ಲಿ ಅದರ ವರದಿ ಬಂತು. ಸುಮ್ನೆ ಹೂತಿದ್ದಲ್ಲ, ಜೋಪಾನವಾಗಿ ಇಟ್ಟಿದ್ದಾರೆ.

ಗೋಡೆಗಡಿಯಾರ:
ಹುಬ್ಬಿನ ವಿಷಯ ಗೊತ್ತಿರಲಿಲ್ಲ. ಹಳೇಪೆಟ್ಟಿಗೆ ಅವರ ಮಾತು ಒಪ್ಪುತ್ತೇನೆ. ನಾನು ಬೆಕ್ಕು ಸಾಕಿದವನಲ್ಲ. ಹೆಂಡತಿಯ ಬೆಕ್ಕು ಈಚೆಗೆ ಹೋಯಿತು. ಅವಳು ಊಟ ಬಿಟ್ಟಿದ್ದಾಳೆ, ಏನು ಹೇಳಬೇಕೋ ತಿಳಿಯದೆ ಈ ಪುಟಕ್ಕೆ ಬಂದೆ.

ಮಳೆಮೋಡ:
ಅದನ್ನು ಮೊದಲೇ ಹೇಳಬಾರದಿತ್ತಾ. ಏನೂ ಹೇಳಬೇಡಿ ಅಣ್ಣ. ಪಕ್ಕದಲ್ಲಿ ಕೂತು ಬೆಕ್ಕಿನ ಬಗ್ಗೆ ಕೇಳಿ. ಎಲ್ಲಿ ಮಲಗುತ್ತಿತ್ತು, ಯಾರ ಮೇಲೆ ಮುನಿಸಿಕೊಳ್ಳುತ್ತಿತ್ತು, ಏನು ಬೀಳಿಸಿ ಒಡೆದಿತ್ತು. "ಬೇರೆ ತರೋಣ ಬಿಡು" ಅಂತ ಮಾತ್ರ ಈ ವಾರ ಅನ್ನಬೇಡಿ.

ತುಂಟಮೀಸೆ:
ಇದರಲ್ಲಿ ನನ್ನ ಅನುಭವ ಬೇರೆ. ಮೊದಲನೆಯವಳು ಹೋದ ಹತ್ತನೇ ದಿನಕ್ಕೆ ನಾನು ಮರಿ ತಂದೆ, ಅದೇ ನನ್ನನ್ನು ಎಬ್ಬಿಸಿ ಕೂರಿಸಿತು. ಎಲ್ಲರಿಗೂ ಒಂದೇ ಲೆಕ್ಕ ಇಲ್ಲ.

ಹಳೇಪೆಟ್ಟಿಗೆ:
ಕಾರಣ ಗೊತ್ತಿಲ್ಲದೆ ಹೋದ ಮನೆಗೆ ಹತ್ತು ದಿನಕ್ಕೆ ಮರಿ ತರಬೇಡಿ. ನನ್ನ ಎರಡನೇ ಮರಿಯ ಕಥೆ ಮೇಲೆ ಇದೆ.

ಬೂದುಬಾಲ:
ನನಗೆ ಈಗ ಮರಿ ಬೇಡ. ಕರಿಯನ ಬಗ್ಗೆ ಬರೆಯುತ್ತೇನೆ ಅಂದಿದ್ದೆ.

ಅವನಿಗೆ ಅವಳನ್ನು ತೋರಿಸಲಿಲ್ಲ. ಗಡಿಬಿಡಿಯಲ್ಲಿ ಆ ಯೋಚನೆಯೇ ಬರಲಿಲ್ಲ. ಈಗ ರಾತ್ರಿ ಎರಡು ಗಂಟೆಗೆ ಎದ್ದು ಒಂದೊಂದು ಕೋಣೆಯ ಬಾಗಿಲಲ್ಲೂ ನಿಂತು ಕೂಗುತ್ತಾನೆ. ಯಾವತ್ತೂ ಕೇಳದ ದನಿ, ಎಳೆದು ಎಳೆದು. ಬೀರು ಹತ್ತಿ ನೋಡುತ್ತಾನೆ, ಇಳಿಯುತ್ತಾನೆ. ಊಟ ಅರ್ಧಕ್ಕರ್ಧ ಕಡಿಮೆ ಆಗಿದೆ. ಚುಕ್ಕಿ ಹೊದೆಯುತ್ತಿದ್ದ ಹಸಿರು ಶಾಲು ಒಗೆಯಬೇಕಾ ಬೇಡವಾ ಗೊತ್ತಾಗುತ್ತಿಲ್ಲ. ಅವನು ಅದರ ಮೇಲೇ ಮಲಗುತ್ತಾನೆ.

ಸೂಜಿಮದ್ದು:
ಉಳಿದ ಬೆಕ್ಕು ಹುಡುಕುವುದು, ಕೂಗುವುದು, ಊಟ ಕಡಿಮೆ ಮಾಡುವುದು ಸಾಮಾನ್ಯ. ಕೆಲವು ವಾರದಲ್ಲಿ ನಿಧಾನಕ್ಕೆ ಇಳಿಯುತ್ತದೆ. ಆದರೆ ಊಟದ ಮೇಲೆ ಒಂದು ಕಣ್ಣಿಡಿ. ಎರಡು ದಿನ ಪೂರ್ತಿ ಬಿಟ್ಟರೆ ಕಾಯಬೇಡಿ, ಕರೆದುಕೊಂಡು ಹೋಗಿ. ಬೆಕ್ಕು ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಬಂದು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ. ಚುಕ್ಕಿಗೆ ಏನಾಗಿತ್ತು ಅಂತ ಗೊತ್ತಿಲ್ಲವಾದ್ದರಿಂದ ಅವನಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಶಾಲಿನ ವಿಷಯಕ್ಕೆ, ಸೋಂಕಿನ ಅನುಮಾನ ಇದ್ದರೆ ಒಗೆಯಬೇಕು ಅನ್ನುವುದು ಪುಸ್ತಕದ ಮಾತು. ಒಂಬತ್ತು ದಿನ ಇಬ್ಬರೂ ಒಂದೇ ಮನೆಯಲ್ಲಿದ್ದರು, ತಗಲುವುದಿದ್ದರೆ ಶಾಲಿಗೆ ಕಾಯುವುದಿಲ್ಲ. ಅವನ ರಕ್ತದ ವರದಿ ಚೆನ್ನಾಗಿ ಬಂದರೆ ಅವನಿಗೆ ಬೇಕಾದಷ್ಟು ದಿನ ಇರಲಿ.

ನಾಲ್ಕುಪಾದ:
ನನಗೆ ಡಾಕ್ಟರ್ ಒಂದು ಅಭ್ಯಾಸ ಹೇಳಿಕೊಟ್ಟರು. ಉಳಿದ ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ನೋಡುತ್ತಾ ಉಸಿರು ಎಣಿಸುವುದು. ಏರಿ ಇಳಿದರೆ ಒಂದು. ಒಂದು ನಿಮಿಷಕ್ಕೆ 30 ದಾಟಬಾರದು. ದಿನಾ ದಾಟಿದರೆ ಹೃದಯ, ಶ್ವಾಸಕೋಶ ತೋರಿಸಬೇಕು. ನಾನು ಬರೆದಿಡುತ್ತೇನೆ. ಮೊದಮೊದಲು ಭಯಕ್ಕೆ ಎಣಿಸುತ್ತಿದ್ದೆ. ಈಗ ಎಣಿಸುತ್ತಾ ನನಗೇ ನಿದ್ದೆ ಬರುತ್ತದೆ.

ಬೂದುಬಾಲ:
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಕರಿಯನ ರಕ್ತ ಪರೀಕ್ಷೆ ಆಯಿತು, ಎಲ್ಲ ಸರಿ ಇದೆ. ಊಟ ಮುಕ್ಕಾಲು ಭಾಗಕ್ಕೆ ಬಂದಿದೆ.

ನಿನ್ನೆ ಶಾಲು ಕೊಡವಿದಾಗ ನೂಲಿಗೆ ಸಿಕ್ಕಿಕೊಂಡ ಒಂದು ಉಗುರಿನ ಸಿಪ್ಪೆ ಸಿಕ್ಕಿತು. ಬೆಕ್ಕುಗಳು ಉಗುರು ಮಸೆಯುವಾಗ ಕಳಚಿ ಬೀಳುತ್ತದಲ್ಲ, ಅದು. ಒಳಗೆ ಟೊಳ್ಳು, ಗಾಜಿನ ಹಾಗೆ ಬೆಳಕು ಹಾಯುತ್ತದೆ, ತುದಿ ಮಾತ್ರ ಇನ್ನೂ ಚೂಪು. ಕರಿಯನ ಉಗುರು ಕಪ್ಪು. ಇದು ಬಿಳಿ. ಅಮ್ಮ ನೋಡಿ ಏನೂ ಹೇಳದೆ ತನ್ನ ಮಾತ್ರೆಯ ಖಾಲಿ ಡಬ್ಬಿ ತೊಳೆದು ಒರೆಸಿ ತಂದುಕೊಟ್ಟಳು. ಅದರಲ್ಲಿ ಇಟ್ಟಿದ್ದೇನೆ.

ರಾತ್ರಿ ಅವನು ಎರಡು ಗಂಟೆಗೆ ಏಳಲಿಲ್ಲ. ನಾನೇ ಎದ್ದೆ. ಶಾಲಿನ ಮೇಲೆ ಮಲಗಿದ್ದ. ಟಾರ್ಚ್ ಹಾಕದೆ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು ಎಣಿಸಿದೆ. 22.

ನಾಲ್ಕುಪಾದ:
ಒಳ್ಳೆ ಲೆಕ್ಕ. ಬರೆದಿಡಿ.

ಗೋಡೆಗಡಿಯಾರ:
ಮಳೆಮೋಡ ಅವರೇ, ನೀವು ಹೇಳಿದ ಹಾಗೆ ಕೇಳಿದೆ. ಎರಡು ಗಂಟೆ ಮಾತಾಡಿದಳು. ಆಮೇಲೆ ಇಬ್ಬರೂ ಊಟ ಮಾಡಿದೆವು.